ಹಿಂದಿನ ಗಲ್ಲಿಯಲ್ಲಿ ನಮ್ಮ ಹೆಸರು

ಮೂರು ವಿಭೂತಿ ಗಟ್ಟಿಗಳು ನಮ್ಮ ಮನೆಗೆ ಬಂದ ಬಗೆಯನ್ನು ಮೊದಲು ಹೇಳಬೇಕು. 2024ರಲ್ಲಿ ಬಸವ ಜಯಂತಿ ಮೇ 10ರಂದು ಬಂದಿತ್ತು. ಅಂದೇ ಮೊಮ್ಮಗನಿಗೆ ಲಿಂಗದೀಕ್ಷೆ ಮಾಡಿಸುವುದೆಂದು ಹಿರಿಯರು ನಿಶ್ಚಯಿಸಿದ್ದರು. ಕರಡಿಗೆ, ಶಿವದಾರ, ರುದ್ರಾಕ್ಷಿ, ವಿಭೂತಿ, ಒಂದು ಜೊತೆ ಮಡಿಯ ವಸ್ತ್ರ, ಇಷ್ಟನ್ನು ಒದಗಿಸುವ ಹೊಣೆ ನಮ್ಮ ಪಾಲಿಗೆ ಬಂತು. ಚಾಮರಾಜಪೇಟೆಯ ನಮ್ಮ ಮನೆಯಿಂದ ಚಿಕ್ಕಪೇಟೆಗೆ ಎಷ್ಟು ಮಹಾ ದೂರ? ಆದರೆ ಬಿಸಿಲು ಜೋರಾಗಿತ್ತು, ಮೊಣಕಾಲು ಮಾತು ಕೇಳುತ್ತಿರಲಿಲ್ಲ, ಮೊಮ್ಮಗನು ಫೋನನ್ನು ನಮ್ಮ ಕೈಗಿತ್ತು "ತಾತ, ಇಲ್ಲಿ ಒತ್ತಿ ಸಾಕು" ಎಂದ. ಒತ್ತಿದೆವು. ಒಂದೊಂದು ಸಾಮಾನು ಒಂದೊಂದು ಊರಿನ ಮಾರಾಟಗಾರನಿಂದ, ಐದು ದಿನಗಳಲ್ಲಿ, ಐದು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಬಂದವು.

ವಿಭೂತಿಯ ಪೆಟ್ಟಿಗೆಯನ್ನು ಪಡಸಾಲೆಯಲ್ಲಿಟ್ಟಾಗ ಅದರೊಳಗೆ ಹಿತ್ತಾಳೆಯ ಬಿಂದಿಗೆಯಿರಬೇಕೆಂದು ನಮ್ಮ ಮನೆಯವರು ಊಹಿಸಿದರು. ಹೊರಗೊಂದು ಬೂದುಬಣ್ಣದ ಪ್ಲಾಸ್ಟಿಕ್ ಚೀಲ. ಅದರೊಳಗೆ ಉದ್ದಗಲಕ್ಕೂ ಟೇಪು ಸುತ್ತಿದ ರಟ್ಟಿನ ಪೆಟ್ಟಿಗೆ. ಅದರೊಳಗೆ ಗಾಳಿ ತುಂಬಿದ ದಿಂಬುಗಳ ಒಂದು ಮಾಲೆ. ಅವುಗಳ ನಡುವೆ ಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆಯ ಸುರುಳಿ. ಸುರುಳಿಯೊಳಗೆ ಬಣ್ಣದ ಚಿಕ್ಕ ಪೆಟ್ಟಿಗೆ. ಅದರೊಳಗೆ ಪಾರದರ್ಶಕ ಪೊಟ್ಟಣ. ಪೊಟ್ಟಣದಲ್ಲಿ ಮೂರು ವಿಭೂತಿ ಗಟ್ಟಿಗಳು. ಕತ್ತರಿ ಹುಡುಕಿ, ಟೇಪು ಹರಿದು, ಎಲ್ಲವನ್ನೂ ಬಿಚ್ಚುವಷ್ಟರಲ್ಲಿ ಸಂಜೆಯ ಪೂಜೆಯ ಹೊತ್ತು ಮೀರಿತ್ತು. ಇಷ್ಟಾಗಿಯೂ ಮೂರರಲ್ಲಿ ಒಂದು ಗಟ್ಟಿ ಎರಡು ತುಂಡಾಗಿತ್ತು.

ನಮ್ಮ ತಾಯಿಯವರ ಕಾಲದಲ್ಲಿ ಬಾದಾಮಿಯ ಕಡೆಯ ಬಂಧುಗಳು ಬರುವಾಗ ಶಿವಯೋಗ ಮಂದಿರದ ವಿಭೂತಿಯನ್ನು ತರುತ್ತಿದ್ದರು. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಸ್ಥಾಪಿಸಿದ ಆ ಮಂದಿರದ ವಿಭೂತಿಯೆಂದರೆ ಮನೆಮನೆಯಲ್ಲೂ ಗೌರವ. ಗಟ್ಟಿಗಳು ಹಳೆಯ ಪಂಚೆಯ ಒಂದು ತುಂಡಿನಲ್ಲಿ ಗಂಟಾಗಿ, ಬಟ್ಟೆಗಳ ಮಧ್ಯೆ ಪೆಟ್ಟಿಗೆಯಲ್ಲಿ ಕುಳಿತು, ರಾತ್ರಿಯ ರೈಲಿನಲ್ಲಿ ಅಷ್ಟು ದೂರದಿಂದ ಬರುತ್ತಿದ್ದವು. ಒಡೆದದ್ದು ನಮಗೆ ನೆನಪಿಲ್ಲ. ಆ ಪಂಚೆಯ ತುಂಡು ಆಮೇಲೆ ದೇವರ ಕೋಣೆಯನ್ನು ಒರೆಸುವ ಬಟ್ಟೆಯಾಗುತ್ತಿತ್ತು. ಗಾಂಧಿ ಬಜಾರಿನ ಹೂವು ಬಾಳೆಯೆಲೆಯಲ್ಲಿ, ಮಲ್ಲೇಶ್ವರದ ಮಾರುಕಟ್ಟೆಯ ತರಕಾರಿ ಕೈಚೀಲದಲ್ಲಿ, ಕಿರಾಣಿ ಅಂಗಡಿಯ ಬೇಳೆ ಹಳೆಯ ಪತ್ರಿಕೆಯ ಪೊಟ್ಟಣದಲ್ಲಿ ಬರುತ್ತಿತ್ತು. ಪೊಟ್ಟಣಕ್ಕೆ ಕಟ್ಟಿದ ದಾರವನ್ನು ತಾಯಿಯವರು ಕಿಟಕಿಯ ಸರಳಿಗೆ ಸುತ್ತಿಡುತ್ತಿದ್ದರು. ಪೊಟ್ಟಣದ ಕಾಗದವನ್ನು ನಾವು ಬಿಡಿಸಿ ಓದುತ್ತಿದ್ದೆವು. ಧಾರಾವಾಹಿಯ ಯಾವುದೋ ಒಂದು ಕಂತು ಸಿಕ್ಕಿ, ಮುಂದಿನದು ಯಾವ ಬೇಳೆಯೊಡನೆ ಬರುವುದೋ ಎಂದು ಕಾದದ್ದುಂಟು.

ಹೀಗೆಂದು ಹಿಂದೆಲ್ಲವೂ ಶುಚಿಯಾಗಿತ್ತೆಂದು ಹೇಳಿದರೆ ಸುಳ್ಳಾದೀತು. ನಮ್ಮ ಬಡಾವಣೆಗಳು ಹುಟ್ಟಿ ಬೆಳೆದದ್ದೇ ಕೊಳಕಿನ ಭಯದಿಂದ. ಚಾಮರಾಜಪೇಟೆ 1892ರ ಹೊತ್ತಿನದು. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಬಳಿಕ ಜನ ಪೇಟೆಯ ಇಕ್ಕಟ್ಟನ್ನು ಬಿಟ್ಟು ಬಂದು ನೆಲೆಸಿದ ಬಡಾವಣೆಗಳು. ನೇರವಾದ ರಸ್ತೆ, ಗಾಳಿ ಬೆಳಕು, ಮನೆಗಳ ಬೆನ್ನಿಗೆ ಒಂದೊಂದು ಕಿರುಗಲ್ಲಿ. ಒಳಚರಂಡಿಯಿಲ್ಲದ ಆ ದಿನಗಳಲ್ಲಿ ಮಲ ಹೊರುವವರು ಮುಂಬಾಗಿಲಿಗೆ ಕಾಣದಂತೆ ಬಂದು ಹೋಗಲೆಂದು ಮಾಡಿದ ಗಲ್ಲಿಯದು. ಕನ್ಸರ್ವೆನ್ಸಿ ಗಲ್ಲಿಯೆಂದು ಅದಕ್ಕೆ ಹೆಸರು. ನಮ್ಮ ಹಿರಿಯರು ಮುಂದಿನ ಅಂಗಳದಲ್ಲಿ ರಂಗವಲ್ಲಿಯಿಟ್ಟು ಶರಣರ ಸಮಾನತೆಯ ಮಾತನಾಡುತ್ತಿದ್ದಾಗ ಹಿಂದಿನ ಬಾಗಿಲಲ್ಲಿ ಯಾರು ಏನನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದರೆಂಬುದನ್ನು ನಾವು ಮರೆತಿದ್ದೇವೆ. ಆ ಗಲ್ಲಿಗಳೇನೋ ಉಳಿದಿವೆ. ಇತ್ತೀಚಿನ ವರ್ಷಗಳಲ್ಲಿ ಮಲ್ಲೇಶ್ವರದಲ್ಲಿ ಕೆಲವನ್ನು ಶುಚಿಮಾಡಿ, ಗೋಡೆಗಳಿಗೆ ಚಿತ್ರ ಬರೆದು, ನಡೆದಾಡುವ ಹಾದಿಗಳನ್ನಾಗಿ ಮಾಡಿದ್ದಾರೆ. ಉಳಿದ ಕಡೆ ಗಲ್ಲಿಯೆಂದರೆ ಕಣ್ಣಿಗೆ ಬೇಡವಾದದ್ದನ್ನು ತಳ್ಳುವ ಜಾಗ. ನಮ್ಮ ಮನೆಯ ಹಿಂದೆಯೂ ಅಂಥದೊಂದಿದೆ.

ನಮ್ಮ ಊರಿಗೂ ಈ ಹೊಸ ವ್ಯಾಪಾರಕ್ಕೂ ನಂಟು ಹಳೆಯದು. ಫ್ಲಿಪ್‌ಕಾರ್ಟ್ 2007ರಲ್ಲಿ ಕೋರಮಂಗಲದ ಒಂದು ಮನೆಯಲ್ಲಿ ಪುಸ್ತಕ ಮಾರಲು ತೊಡಗಿತು. 2010ರಲ್ಲಿ, ಸಾಮಾನು ಕೈಸೇರಿದ ಮೇಲೆ ಹಣ ಕೊಡುವ ಪದ್ಧತಿಯನ್ನು ಜಾರಿಗೆ ತಂದಿತು. ಆಗಲೇ ನಮ್ಮಂಥ ಅನುಮಾನದ ಮುದುಕರೂ ಧೈರ್ಯಮಾಡಿದ್ದು. 2020ರ ಕೋವಿಡ್ ಕಾಲದಲ್ಲಿ ಬಾಗಿಲು ತೆರೆಯುವುದೇ ಅಪಾಯವೆನಿಸಿದಾಗ ಅಕ್ಕಿ, ಔಷಧಿ, ಸಾಬೂನು ಎಲ್ಲವೂ ಹೊಸ್ತಿಲಿಗೆ ಬಂದವು. ಆ ಉಪಕಾರವನ್ನು ಮರೆಯಲಾರೆವು. ಕಾಯಿಲೆ ಹಿಂದೆ ಸರಿಯಿತು, ಅಭ್ಯಾಸ ಮನೆಯಲ್ಲೇ ಉಳಿಯಿತು. ಈಗ ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಬರುತ್ತದೆ, ಅದಕ್ಕೂ ಒಂದು ಚೀಲ.

ಆ ಏಪ್ರಿಲ್ ತಿಂಗಳಲ್ಲಿ ನಮ್ಮ ಮನೆಗೆ ಬಂದ ಪೊಟ್ಟಣಗಳನ್ನು ಸುಮ್ಮನೆ ಕುತೂಹಲಕ್ಕೆ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಎಣಿಸಿದ್ದೆವು. ಆರು ಜನರ ಮನೆಗೆ ಮೂವತ್ತೊಂದು. ಎಣಿಸಿದವರು ಸುಮ್ಮನಿರಬೇಕಿತ್ತು, ಸೊಸೆಯ ಮುಂದೆ ಆಡಿದೆವು. "ಏನಮ್ಮಾ, ಮನೆಯೇ ಗೋದಾಮಾಯಿತಲ್ಲ. ಒಂದು ಬಾಚಣಿಗೆಗೆ ಒಂದು ಪೆಟ್ಟಿಗೆ ಬರಬೇಕೆ?" ಎಂದೆವು.

ಆಕೆ ತಿರುಗಿ ಮಾತನಾಡುವವಳಲ್ಲ. ಅಂದು ಮಾತ್ರ ಕೈಯೊಳಗಿನ ಕೆಲಸ ಬಿಟ್ಟು ನಿಂತಳು. "ಮಾವ, ಮೂವತ್ತೊಂದರಲ್ಲಿ ಒಂಬತ್ತು ಅತ್ತೆಯವರ ಔಷಧಿ, ಹಾಸಿಗೆಗೆ ಹಾಕುವ ಹಾಳೆಗಳು. ಅವನ್ನು ತರಲು ನಾನು ಆಫೀಸಿನಿಂದ ಬಂದು ಯಾವ ಹೊತ್ತಿಗೆ ಹೋಗಲಿ? ಏಳು ನಿಮ್ಮ ಮಗನದು. ಇನ್ನು ನಾಲ್ಕು ನಿಮ್ಮ ಪುಸ್ತಕಗಳು. ಅವನ್ನು ನೀವು ಎಣಿಸುವಾಗ ಬಿಟ್ಟಿರಬಹುದು ಅಂದುಕೊಂಡಿದ್ದೆ" ಎಂದಳು. ನಾವು ಪತ್ರಿಕೆಯನ್ನು ಮುಖಕ್ಕೆ ಹಿಡಿದೆವು. ಮನೆಯ ಹೆಣ್ಣುಮಕ್ಕಳ ಮೇಲೆ ಗೂಬೆ ಕೂರಿಸಿ ಸಂಯಮದ ಉಪದೇಶ ಮಾಡುವುದು ಗಂಡಸರಿಗೆ ಹಳೆಯ ಚಟ. ಒಬ್ಬರು ಹಾಸಿಗೆ ಹಿಡಿದ ಮನೆಯಲ್ಲಿ ಬಾಗಿಲಿಗೆ ಬರುವ ಸಾಮಾನು ವಿಲಾಸವಲ್ಲ. ತಪ್ಪಿರುವುದು ಸಾಮಾನಿನ ಸುತ್ತ ಬರುವುದರಲ್ಲಿ, ಮತ್ತು ಅದನ್ನು ನಾವು ಏನು ಮಾಡುತ್ತೇವೆಂಬುದರಲ್ಲಿ.

ನಾವು ಮಾಡಿದ್ದೇನು? ದೀಕ್ಷೆಯ ಹಿಂದಿನ ದಿನ ನೆಂಟರು ಬರುತ್ತಾರೆಂದು ಮನೆ ಓರಣ ಮಾಡುವಾಗ ಜಗುಲಿಯ ಮೂಲೆಯಲ್ಲಿ ಪೆಟ್ಟಿಗೆಗಳ ರಾಶಿ ಕಣ್ಣಿಗೆ ಚುಚ್ಚಿತು. ಒಣ ಕಸದ ಗಾಡಿಯ ದಿನ ಕಳೆದಿತ್ತು. ಕೆಲಸಕ್ಕೆ ಬರುವ ಹೆಂಗಸಿಗೆ, "ಹಿಂದಿನ ಗಲ್ಲಿಗೆ ಇಟ್ಟುಬಿಡಮ್ಮ, ಆಯುವವರು ಯಾರಾದರೂ ಒಯ್ಯುತ್ತಾರೆ" ಎಂದವರು ನಾವೇ. ರಟ್ಟು, ಗುಳ್ಳೆಯ ಹಾಳೆ, ಮಿಕ್ಸಿಯೊಂದನ್ನು ತರಿಸಿದಾಗ ಬಂದ ಥರ್ಮಾಕೋಲಿನ ಅಚ್ಚು, ಎಲ್ಲವೂ ಹೋದವು. ಮನೆ ಚೊಕ್ಕಟವಾಯಿತು. ಜಯಂತಿಯಂದು ಮೊಮ್ಮಗನ ಕೊರಳಿಗೆ ಲಿಂಗ ಬಂತು. ಬಂದವರೆಲ್ಲ ಉಂಡು ಹರಸಿ ಹೋದರು.

ಮೂರನೆಯ ದಿನ ರಾತ್ರಿ ಕೃತ್ತಿಕಾ ಮಳೆ ಹೊಡೆಯಿತು. ಗಲ್ಲಿಯ ಆಚೆ ತುದಿಯಲ್ಲಿ ಇಸ್ತ್ರಿ ಮಾಡುವವರೊಬ್ಬರ ಒಂದು ಕೋಣೆಯ ಮನೆಯಿದೆ. ಹಗಲು ಬೀದಿಯ ಮೂಲೆಯಲ್ಲಿ ತಳ್ಳುಗಾಡಿ, ಇದ್ದಿಲಿನ ಇಸ್ತ್ರಿಪೆಟ್ಟಿಗೆ. ರಾತ್ರಿ ಬಟ್ಟೆಯ ಗಂಟುಗಳೆಲ್ಲ ಆ ಕೋಣೆಯಲ್ಲಿ. ಮರುದಿನ ಬೆಳಿಗ್ಗೆ ಆರು ಗಂಟೆಗೆ ಅವರು ನಮ್ಮ ಮುಂಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ನೆನೆದು ಮುದ್ದೆಯಾದ ಒಂದು ರಟ್ಟಿನ ಚೂರು. ಅದರ ಮೇಲೆ ಅಂಟಿಸಿದ ಚೀಟಿ ಮಾತ್ರ ಮಳೆಗೂ ಅಳಿದಿರಲಿಲ್ಲ. ನಮ್ಮ ಹೆಸರು, ಮನೆಯ ನಂಬರು, ಅಡ್ಡರಸ್ತೆ, ಫೋನ್ ನಂಬರು ಎಲ್ಲವೂ ಸ್ಪಷ್ಟವಾಗಿ ಅಚ್ಚಾಗಿದ್ದವು.

"ಯಜಮಾನ್ರೇ, ಇದು ನಿಮ್ಮದೇ ಅಲ್ವಾ? ಮೋರಿ ಬಾಯಿಗೆ ಕೂತಿತ್ತು. ಥರ್ಮಾಕೋಲು ಒಳಗಡೆ ಹೋಗಿ ಸಿಕ್ಕೊಂಡಿತ್ತು. ನೀರು ಮನೆಗೆ ನುಗ್ತು" ಎಂದರು. ದನಿ ಏರಿರಲಿಲ್ಲ. ಬೈದಿದ್ದರೆ ನಮಗೆ ಸುಲಭವಾಗುತ್ತಿತ್ತು. ಒಳಗೆ ಹೋಗಿ ನೋಡಿದೆವು. ನೆಲದ ಮೇಲಿದ್ದ ಗಂಟುಗಳು ಚರಂಡಿಯ ನೀರಿನಲ್ಲಿ ನೆನೆದಿದ್ದವು. ಅದರಲ್ಲಿ ಮದುವೆಯ ಮನೆಯೊಂದರ ಎರಡು ರೇಷ್ಮೆ ಸೀರೆಗಳು. ಅವರ ಮಗಳ ಶಾಲೆಯ ಪುಸ್ತಕಗಳನ್ನು ಆಕೆಯ ತಾಯಿ ಒಂದೊಂದೇ ಹಾಳೆ ಬಿಡಿಸಿ ಗೋಡೆಗೆ ಒರಗಿಸುತ್ತಿದ್ದರು. ಮೊಮ್ಮಗನ ಓರಗೆಯವಳೇ ಆ ಹುಡುಗಿ. ದೀಕ್ಷೆಯ ದಿನ ನಮ್ಮ ಮನೆಯಲ್ಲಿ ಹೋಳಿಗೆ ಊಟ ಮಾಡಿ ಹೋಗಿದ್ದಳು.

ಸೀರೆಗಳ ಖರ್ಚನ್ನು ಕೊಟ್ಟೆವು. ಇಸ್ತ್ರಿಯವರು ಅಷ್ಟನ್ನೇ ತೆಗೆದುಕೊಂಡರು. ಅದಕ್ಕಿಂತ ಹೆಚ್ಚಿಗೆ ಚಾಚಿದ ನೋಟುಗಳನ್ನು ನಮ್ಮ ಕೈಯಲ್ಲೇ ಬಿಟ್ಟರು. "ನನ್ನ ದುಡಿಮೆ ನಿಂತದ್ದು ಎರಡು ದಿನ. ಅದು ಹೋಗ್ಲಿ. ಸೀರೆ ಬೇರೆಯವರದು, ಅದಕ್ಕೆ ತಗೊಂಡೆ" ಎಂದರು. ಪುಸ್ತಕಗಳನ್ನು ಸೊಸೆ ಹೊಸದಾಗಿ ತಂದುಕೊಟ್ಟಳು, ಚಾಮರಾಜಪೇಟೆಯ ಅಂಗಡಿಯಿಂದ, ಕೈಚೀಲದಲ್ಲಿ.

ಶರಣ ಕುಲದ ಮನೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಕೇಳದೆ ಬೆಳೆದವರಿಲ್ಲ. ಲಿಂಗಸುಗೂರಿನ ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು. ಬಿದ್ದ ಅಕ್ಕಿಯ ಕಾಳುಗಳನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ. ಇಂದಿಗೆ ಬೇಕಾದಷ್ಟನ್ನು ಇಟ್ಟು ಉಳಿದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ಬಾಲ್ಯದಿಂದ ಇದನ್ನು ನಾವು ದುರಾಸೆಯ ವಿರುದ್ಧದ ಕಥೆಯೆಂದು ಹೇಳಿಕೊಂಡು ಬಂದಿದ್ದೆವು. ಆ ಮಳೆಯ ಬೆಳಿಗ್ಗೆಯ ನಂತರ ಬೇರೊಂದು ಮಾತು ಹೊಳೆಯಿತು. ಮನೆಗೆ ಏನು ಬಂತು, ಎಷ್ಟು ಬಂತು, ಅದು ಎಲ್ಲಿಂದ ಬಂತು, ಹೆಚ್ಚಾದದ್ದು ಎಲ್ಲಿಗೆ ಹೋಗಬೇಕು, ಇದೆಲ್ಲದರ ಲೆಕ್ಕ ಆ ತಾಯಿಗಿತ್ತು. ಅದು ಹೊಸ್ತಿಲಲ್ಲೇ ಇಟ್ಟ ಲೆಕ್ಕ. ನಮ್ಮ ಲೆಕ್ಕವೋ ಕ್ಯಾಲೆಂಡರಿನ ಮೂವತ್ತೊಂದು ಗೀಟಿಗೆ ನಿಂತಿತ್ತು. ಹಿಂಬಾಗಿಲಿನಿಂದ ಆಚೆಗೆ ಅದು ಹೋಗಿರಲಿಲ್ಲ.

ಆದ್ದರಿಂದ ಹೋಗಿ ನೋಡೋಣವೆಂದು ಒಂದು ಶನಿವಾರ ಹತ್ತಿರದ ಒಣ ಕಸ ಸಂಗ್ರಹಣ ಕೇಂದ್ರಕ್ಕೆ ಹೋದೆವು. ತಗಡಿನ ಚಾವಣಿ, ಒಳಗೆ ಬೆಟ್ಟದಂತೆ ಚೀಲಗಳು. ಒಂದು ಕಾಲದಲ್ಲಿ ಬೀದಿಯಲ್ಲಿ ಚಿಂದಿ ಆಯುತ್ತಿದ್ದ ಎಷ್ಟೋ ಮಂದಿ, ಹಸಿರು ದಳದಂಥ ಸಂಸ್ಥೆಗಳ ಪ್ರಯತ್ನದಿಂದ ಪಾಲಿಕೆಯ ಗುರುತಿನ ಚೀಟಿ ಪಡೆದು, ಇಂಥ ಕೇಂದ್ರಗಳನ್ನು ತಾವೇ ನಡೆಸುತ್ತಿದ್ದಾರೆ. ವಿಂಗಡಿಸುತ್ತಿದ್ದ ಒಬ್ಬ ತಾಯಿ ನಮ್ಮನ್ನು ಅಧಿಕಾರಿಯೆಂದು ತಿಳಿದು ಎದ್ದು ನಿಂತರು. ಅಲ್ಲವೆಂದ ಮೇಲೆ ಕುಳಿತು, ಕೆಲಸ ನಿಲ್ಲಿಸದೆ ವಿವರಿಸಿದರು.

ಒಣಗಿದ ರಟ್ಟಿಗೆ ಬೆಲೆಯಿದೆ. ಅದು ಕಾಗದದ ಕಾರ್ಖಾನೆಗೆ ಹೋಗಿ ತಿರುಗಿ ರಟ್ಟಾಗುತ್ತದೆ. ಆದರೆ ಪ್ರತಿ ಸಲವೂ ಅದರ ನಾರು ಗಿಡ್ಡವಾಗುತ್ತ ಬರುವುದರಿಂದ ಕೆಲವು ಸಲಕ್ಕೆ ಅದರ ಆಯುಷ್ಯ ತೀರುತ್ತದೆ. ನೆನೆದ ರಟ್ಟು, ಎಣ್ಣೆ ತಾಗಿದ ರಟ್ಟು ಯಾರಿಗೂ ಬೇಡ. "ನಿಮ್ಮಂಥೋರು ಪೆಟ್ಟಿಗೆ ಒಳಗೇ ಸಾರು ಚೆಲ್ಲಿರೋ ಡಬ್ಬಿ ಹಾಕಿ ಕಳಿಸ್ತಾರೆ ತಾತ, ಪೆಟ್ಟಿಗೇನೂ ಹಾಳು, ನಮ್ಮ ಕೈನೂ ಹಾಳು" ಎಂದರು. ಟೇಪನ್ನು ಅವರು ಉಗುರಿನಿಂದ ಕಿತ್ತು ತೆಗೆಯುತ್ತಿದ್ದರು. ಗುಳ್ಳೆಯ ಹಾಳೆ ಶುಚಿಯಾಗಿದ್ದು ಬೇರೆಯಾಗಿ ಬಂದರೆ ಕೊಳ್ಳುವವರುಂಟು. ಹೊರಗೆ ಕಾಗದ ಒಳಗೆ ಪ್ಲಾಸ್ಟಿಕ್ ಅಂಟಿಸಿದ ಲಕೋಟೆ, ಒಳಮೈ ಬೆಳ್ಳಿಯಂತೆ ಹೊಳೆಯುವ ಪೊಟ್ಟಣ, ಇವುಗಳ ಪದರಗಳನ್ನು ಬಿಡಿಸಲಾಗದ್ದರಿಂದ ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲು. ಥರ್ಮಾಕೋಲು ಜಾಗವನ್ನೆಲ್ಲ ತಿನ್ನುತ್ತದೆ, ತೂಕವೇ ಇಲ್ಲ. ಗಾಡಿಯ ಬಾಡಿಗೆಯೂ ಹುಟ್ಟುವುದಿಲ್ಲ. ಶಿವಭಕ್ತರ ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡ ಸತ್ಯಕ್ಕನನ್ನು ವೇದಿಕೆಗಳ ಮೇಲೆ ಕೊಂಡಾಡುವ ನಾವು, ಈ ತಾಯಿಯ ಉಗುರಿನ ಸಂದಿಯನ್ನು ಅಂದೇ ಮೊದಲು ನೋಡಿದ್ದು.

ಇಲ್ಲಿಯೂ ವಿಂಗಡವಾಗದೆ ಉಳಿದದ್ದು ಊರಿನ ಹೊರಗೆ ಹೋಗುತ್ತದೆ. ಅಲ್ಲಿಯೂ ಜನರಿದ್ದಾರೆ. ಮಾವಳ್ಳಿಪುರದವರು ವರ್ಷಗಟ್ಟಲೆ ನಮ್ಮ ಕಸದ ನಾತ ಕುಡಿದರು. 2012ರಲ್ಲಿ ಅಲ್ಲಿ ಸುರಿಯುವುದು ನಿಂತಾಗ ಊರಿನ ಬೀದಿಗಳಲ್ಲಿ ರಾಶಿ ಬಿದ್ದದ್ದನ್ನು ಅನೇಕರು ನೆನೆದಾರು. ಆ ಹೊರೆಯೂ ಮಂಡೂರಿನ ಮೇಲೆ ಬಿತ್ತು. ಅಲ್ಲಿಯ ಗ್ರಾಮಸ್ಥರು ದಾರಿಗೆ ಅಡ್ಡ ಕುಳಿತು ಹೋರಾಡಿದ ಮೇಲೆ 2014ರ ಡಿಸೆಂಬರಿನಿಂದ ಕಸದ ಲಾರಿಗಳು ಅತ್ತ ಹೋಗುವುದು ನಿಂತಿತು. ಹಸಿ ಕಸಕ್ಕೆ ಒಂದು, ತಿರಸ್ಕೃತ ಕಸಕ್ಕೆ ಒಂದು ಬುಟ್ಟಿ, ಒಣ ಕಸಕ್ಕೆ ಒಂದು ಚೀಲವೆಂಬ ನಿಯಮ ಹೈಕೋರ್ಟಿನ ಆಜ್ಞೆಯಿಂದ 2015ರ ಡಿಸೆಂಬರಿನಲ್ಲಿ ಬಂತು. ಒಂದೇ ಪಾಲಿಕೆಯಿದ್ದದ್ದು 2025ರ ಸೆಪ್ಟೆಂಬರಿನಲ್ಲಿ ಐದಾಯಿತು. ಹೆಸರುಗಳು ಬದಲಾಗುತ್ತವೆ, ಚೀಲವನ್ನು ತುಂಬುವವರು ನಾವೇ.

ವಿಭೂತಿಯ ಪೆಟ್ಟಿಗೆ ಅಷ್ಟು ದೊಡ್ಡದೇಕೆ? ಕೊರಿಯರ್ ಕೆಲಸದಲ್ಲಿರುವ ಬಂಧುವೊಬ್ಬರನ್ನು ಕೇಳಿದೆವು. ಗೋದಾಮಿನಲ್ಲಿ ಕೆಲವೇ ಅಳತೆಯ ಪೆಟ್ಟಿಗೆಗಳಿರುತ್ತವೆ. ಕಟ್ಟುವವನಿಗೆ ಒಂದೊಂದಕ್ಕೂ ಸಿಗುವುದು ಅಲ್ಪ ಹೊತ್ತು. ಚಿಕ್ಕದು ಕೈಗೆ ಸಿಗದಿದ್ದರೆ ದೊಡ್ಡದು. ಒಡೆದು ಹಿಂದಿರುಗಿದರೆ ಆಗುವ ನಷ್ಟಕ್ಕೆ ಹೋಲಿಸಿದರೆ ರಟ್ಟು ಅಗ್ಗ. ಆದರೆ ಗಾಳಿಯೂ ಪುಕ್ಕಟೆಯಲ್ಲ. ಕೊರಿಯರಿನವರು ನಿಜವಾದ ತೂಕವನ್ನಷ್ಟೇ ನೋಡುವುದಿಲ್ಲ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ ಹಾಕುತ್ತಾರೆ. ನಮ್ಮ ಪೆಟ್ಟಿಗೆಯನ್ನು ಸೊಸೆ ನೆನಪಿನಿಂದಲೇ ಅಳೆದು 30, 20, 15 ಎಂದಳು. ಲೆಕ್ಕ ಹಾಕಿದರೆ 1.8 ಕಿಲೋ. ಒಳಗಿದ್ದ ವಿಭೂತಿ ಕಾಲು ಕಿಲೋಗಿಂತ ಹೆಚ್ಚಿರಲಾರದು. ಉಳಿದ ಗಾಳಿಗೆ ಬಾಡಿಗೆ ಕೊಟ್ಟವರು ಯಾರು? ಬೆಲೆಯಲ್ಲಿ ಸೇರಿಸಿ ನಾವೇ ಕೊಟ್ಟಿರುತ್ತೇವೆ.

ಇದು ತಿದ್ದಲಾರದ ಸಂಗತಿಯಲ್ಲ. ದಕ್ಷಿಣ ಕೊರಿಯಾದಲ್ಲಿ, ಮನೆಗೆ ಕಳಿಸುವ ಪೆಟ್ಟಿಗೆಯ ಖಾಲಿ ಜಾಗ ಅರ್ಧವನ್ನು ಮೀರಬಾರದು, ಸುತ್ತುವುದು ಒಂದೇ ಪದರವಿರಬೇಕೆಂಬ ನಿಯಮವನ್ನು 2024ರ ಏಪ್ರಿಲಿನಲ್ಲಿ ತಂದು, ವ್ಯಾಪಾರಿಗಳಿಗೆ ತಿದ್ದಿಕೊಳ್ಳಲು ಎರಡು ವರ್ಷದ ಅವಕಾಶ ಕೊಟ್ಟರು. ಯೂರೋಪಿನ ಒಕ್ಕೂಟವೂ 2025ರ ಫೆಬ್ರವರಿಯಲ್ಲಿ ಜಾರಿಯಾದ ಕಾನೂನಿನಲ್ಲಿ 2030ರಿಂದ ಇದೇ ಅರ್ಧದ ಮಿತಿಯನ್ನು ಹಾಕಿದೆ. ನಮ್ಮಲ್ಲಿ ಅಮೆಜಾನ್ 2020ರಲ್ಲಿ, ಫ್ಲಿಪ್‌ಕಾರ್ಟ್ 2021ರಲ್ಲಿ, ತಮ್ಮ ಗೋದಾಮುಗಳಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ಕಟ್ಟುವ ಕೆಲಸದಿಂದ ತೆಗೆದೆವೆಂದು ಪ್ರಕಟಿಸಿದವು. ಮಾರಾಟಗಾರನು ತನ್ನ ಊರಿನಿಂದ ತಾನೇ ಕಟ್ಟಿ ಕಳಿಸುವುದು ಆ ಮಾತಿನ ಹೊರಗೆ ಉಳಿಯುತ್ತದೆ. ಪ್ಲಾಸ್ಟಿಕ್ ಹೊದಿಕೆಯನ್ನು ಮಾರುಕಟ್ಟೆಗೆ ಬಿಡುವವರೇ ಅದರ ವಿಲೇವಾರಿಗೂ ಹೊಣೆಯೆಂಬ ಕೇಂದ್ರ ಸರ್ಕಾರದ ವಿವರವಾದ ನಿಯಮಗಳು 2022ರಲ್ಲಿ ಬಂದವು. ಕಾಗದ, ಗಾಜು, ಲೋಹದ ಹೊದಿಕೆಗಳಿಗೂ ಅಂಥ ಹೊಣೆಯನ್ನು ವಿಧಿಸುವ ಕರಡು 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಇದೆಲ್ಲ ಕಾನೂನಿನ ದಾರಿ. ಅದು ನಡೆಯಲಿ.

ನಮ್ಮ ಸಮಾಜದ ದಾರಿಯ ಬಗೆಗೆ ಒಂದು ಮಾತು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಬಸವ ಜಯಂತಿಯ ಸಭೆಗಳಲ್ಲಿ ಗಣ್ಯರಿಗೆ ಹೊದಿಸುವ ಶಾಲು ಪ್ಲಾಸ್ಟಿಕ್ ಚೀಲದಿಂದ ಹೊರಬಂದು, ಚೀಲ ವೇದಿಕೆಯ ಕೆಳಗೆ ಬೀಳುತ್ತದೆ. ಸ್ಮರಣಿಕೆಗೆ ಮಖಮಲ್ಲಿನ ಪೆಟ್ಟಿಗೆ, ಅದಕ್ಕೊಂದು ರಟ್ಟಿನ ಪೆಟ್ಟಿಗೆ, ಮೇಲೊಂದು ಬಣ್ಣದ ಕಾಗದ. ಮದುವೆಯ ಆಮಂತ್ರಣಕ್ಕೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯನ್ನು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಿದ್ದರೂ ನಮ್ಮ ಮನೆಗೆ ಅಂಥ ಆಮಂತ್ರಣಗಳು ಬರುವುದು ನಿಂತಿಲ್ಲ. ಪ್ರಸಾದದ ಒಂದು ಅಗುಳನ್ನೂ ಚೆಲ್ಲದೆ ತಟ್ಟೆ ತೊಳೆದು ಕುಡಿಯುತ್ತಿದ್ದ ಹಿರಿಯರ ಮಕ್ಕಳು ನಾವು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಊರೂರಿಗೆ ಜೋಳಿಗೆ ಹಿಡಿದು ಹೋಗಿ, ದವಸವನ್ನಲ್ಲ, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರೆಂದು ಬೇಡಿದರು. ಕುಡಿತವನ್ನೂ ತಂಬಾಕನ್ನೂ ಎಷ್ಟೋ ಜನ ಹಾಕಿದರು. ಬೇಸರವಾದಾಗ ಫೋನು ತೆರೆದು ಏನನ್ನಾದರೂ ತರಿಸುವ ಚಟವನ್ನು ಅವರು ಕೇಳಿದ್ದರೆ ನಾವು ಹಾಕುತ್ತಿದ್ದೆವೆ? ಗೊತ್ತಿಲ್ಲ. ನಾಲ್ಕು ಪುಸ್ತಕಗಳ ಲೆಕ್ಕ ಸೊಸೆಯ ಬಳಿ ಇದೆ.

ಪೂರ್ತಿ ಬಿಟ್ಟೆವೆಂದು ಹೇಳುವಂತಿಲ್ಲ. ಅತ್ತೆಯವರ ಔಷಧಿ ಇಂದಿಗೂ ಬಾಗಿಲಿಗೇ ಬರುತ್ತದೆ, ಬರಬೇಕು. ಉಳಿದದ್ದಕ್ಕೆ ಸೊಸೆಯೇ ಒಂದು ಉಪಾಯ ಕಂಡಳು. ಬೇಕೆನಿಸಿದ್ದನ್ನು ಒಡನೆ ಒತ್ತುವುದಿಲ್ಲ. ಅಡುಗೆಮನೆಯ ಗೋಡೆಯ ಪಟ್ಟಿಯಲ್ಲಿ ಬರೆಯುತ್ತಾರೆ. ಭಾನುವಾರ ಎಲ್ಲರೂ ಕುಳಿತು ಓದುವಾಗ ಅರ್ಧದಷ್ಟು ಏಕೆ ಬೇಕಿತ್ತೆಂಬುದೇ ಬರೆದವರಿಗೆ ನೆನಪಿರುವುದಿಲ್ಲ. ಉಳಿದದ್ದನ್ನು ಒಟ್ಟಿಗೆ ಬರುವಂತೆ ತರಿಸುತ್ತಾರೆ, ಇಲ್ಲವೇ ಮಗನು ಗಾಂಧಿ ಬಜಾರಿಗೋ ಚಿಕ್ಕಪೇಟೆಗೋ ಕೈಚೀಲ ಹಿಡಿದು ಹೋಗುತ್ತಾನೆ. 2024ರ ಕಡಲೆಕಾಯಿ ಪರಿಷೆಯಲ್ಲಿ ಪ್ಲಾಸ್ಟಿಕ್ ಬೇಡ, ಕೈಚೀಲ ತನ್ನಿರೆಂದು ಕರೆ ಕೊಟ್ಟಿದ್ದರಷ್ಟೆ. ಬಸವಣ್ಣನ ದರ್ಶನ ಮಾಡಿ ನಾವು ಎರಡು ಸೇರು ಹಸಿ ಕಡಲೆಕಾಯನ್ನು ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ ತಂದೆವು. ಮೊಮ್ಮಗನಿಗೆ ಸ್ವಲ್ಪ ನಾಚಿಕೆಯಾಯಿತು, ಬೀದಿಯುದ್ದಕ್ಕೂ ಹತ್ತು ಹೆಜ್ಜೆ ಹಿಂದೆ ನಡೆದ.

ಪೆಟ್ಟಿಗೆ ಬಂದ ದಿನವೇ ಟೇಪು ಕಿತ್ತು, ಚಪ್ಪಟೆ ಮಾಡಿ, ಮಳೆ ಬೀಳದ ಕಡೆ ಮಂಚದ ಕೆಳಗೆ ಇಡುವುದು ಈಗ ನಮ್ಮ ಕೆಲಸ. ಗುಳ್ಳೆಯ ಹಾಳೆಯನ್ನು ಬೇರೆ ಚೀಲಕ್ಕೆ. ವಿಳಾಸದ ಚೀಟಿಯನ್ನು ಚೂರುಚೂರಾಗಿ ಹರಿಯುವುದು, ಫೋನ್ ನಂಬರು ಕಂಡವರ ಕೈಗೆ ಸಿಕ್ಕಬಾರದೆಂದು ಸೊಸೆಯ ಕಟ್ಟಪ್ಪಣೆ. ಇಸ್ತ್ರಿಯವರಿಗೆ ಗಟ್ಟಿ ರಟ್ಟು ಬೇಕಾಗುತ್ತದೆ. ಮಡಿಸಿದ ರೇಷ್ಮೆ ಸೀರೆಗಳ ನಡುವೆ ಒಂದೊಂದು ಹಲಗೆ ಇಟ್ಟರೆ ಮಡಿಕೆ ಕೆಡುವುದಿಲ್ಲವಂತೆ. ತಿಂಗಳಿಗೊಮ್ಮೆ ಒಳ್ಳೆಯದನ್ನು ಆರಿಸಿ ತಳ್ಳುಗಾಡಿಯ ಹತ್ತಿರ ಒಯ್ಯುತ್ತೇವೆ. ಮೊನ್ನೆ ಒಯ್ದಾಗ ಅವರು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಒಂದೊಂದೇ ರಟ್ಟನ್ನು ತಿರುವಿ ನೋಡಿದರು.

"ಹೆಸರೆಲ್ಲ ಕಿತ್ತುಬಿಟ್ಟಿದ್ದೀರಲ್ಲ ಯಜಮಾನ್ರೇ" ಎಂದರು. "ಇನ್ನೊಂದ್ಸಲ ಮೋರಿ ಕಟ್ಟಿದ್ರೆ ಯಾರ ಮನೆ ಬಾಗಿಲು ತಟ್ಟೋದು?"

ನಾವು ನಕ್ಕೆವು. ಅವರೂ ನಕ್ಕು, ನಮ್ಮ ಎರಡು ಪಂಚೆಗಳನ್ನು ರಟ್ಟಿನ ಮೇಲೆ ಮಡಿಸಿಟ್ಟು ಕೈಗೆ ಕೊಟ್ಟರು.